ಬಟನ್ ಇದ್ದರಷ್ಟೇ ಸಾಲದು

ಮ್ಯೂನಿಕ್ ಹತ್ತಿರದ ಒಂದು ಟೈರ್ ವರ್ಕ್‌ಶಾಪ್‌ನಲ್ಲಿ ನನ್ನ ಕೆಲಸ. ಅಕ್ಟೋಬರ್ ಬಂತೆಂದರೆ ಬೇಸಿಗೆಯ ಟೈರ್ ಬಿಚ್ಚಿಸಿ ಚಳಿಗಾಲದ್ದನ್ನು ಹಾಕಿಸಿಕೊಳ್ಳುವವರ ಸಾಲು ಶುರು. ಅವರಲ್ಲಿ ನಮ್ಮ ಕಡೆಯವರೂ ಇರುತ್ತಾರೆ. "ಬಟನ್ ಚೆನ್ನಾಗೇ ಇದೆಯಲ್ಲ ಸರ್, ಇನ್ನೊಂದು ಸೀಸನ್ ಓಡಲ್ವಾ?" ಎಂದು ಕೇಳುತ್ತಾರೆ. ಬೆಂಗಳೂರಿನಲ್ಲಿ ದಿನಾ ಓಡುವ ಕಾರಿಗೆ ಆ ಲೆಕ್ಕ ನಡೆಯುತ್ತದೆ, ಏಕೆಂದರೆ ಅಲ್ಲಿ ಟೈರಿಗೆ ವಯಸ್ಸಾಗುವ ಮೊದಲೇ ಅದು ಸವೆದುಹೋಗಿರುತ್ತದೆ. ಇಲ್ಲಿ ವರ್ಷದಲ್ಲಿ ಅರ್ಧ ಕಾಲವಷ್ಟೇ ಓಡುವ ಟೈರು ಸವೆಯುವ ಮೊದಲೇ ಮುದಿಯಾಗುತ್ತದೆ.

1. ಮೊದಲು ತಾರೀಕು ಓದಿ, ಬಟನ್ ಆಮೇಲೆ.
ಟೈರಿನ ಮಗ್ಗುಲಲ್ಲಿ ಡಿಒಟಿ ಎಂದು ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 3517 ಎಂದರೆ 2017ರ 35ನೇ ವಾರದಲ್ಲಿ ತಯಾರಾದದ್ದು. ಈ ಅಂಕಿ ಒಂದೇ ಬದಿಯಲ್ಲಿ ಇರುವುದೂ ಉಂಟು. ಹೊರಗೆ ಕಾಣದಿದ್ದರೆ ಬ್ಯಾಟರಿ ಹಿಡಿದು ಒಳಬದಿಯಲ್ಲಿ ಹುಡುಕಿ. ನಾಲ್ಕೂ ಚಕ್ರ ನೋಡಬೇಕು, ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ಒಂದೊಂದು ಒಂದೊಂದು ವರ್ಷದ್ದಾಗಿರಬಹುದು. ಜರ್ಮನಿಯ ಕಾನೂನು ಕಾರಿನ ಟೈರಿಗೆ ವಯಸ್ಸಿನ ಮಿತಿ ಹಾಕಿಲ್ಲ. ಇಲ್ಲಿನ ವಾಹನ ಸವಾರರ ಸಂಘ ಎಡಿಎಸಿ ಚಳಿಗಾಲದ ಟೈರಿಗೆ 8 ವರ್ಷ ಸಾಕು ಎನ್ನುತ್ತದೆ. ನಾನು 6 ದಾಟಿದ ಮೇಲೆ ಪ್ರತಿ ವರ್ಷ ಕೂಲಂಕಷವಾಗಿ ನೋಡುತ್ತೇನೆ, 8ಕ್ಕೆ ಬದಲಿಸಿ ಎನ್ನುತ್ತೇನೆ.

2. ರಬ್ಬರ್ ಗಟ್ಟಿಯಾಯಿತೆಂದರೆ ಟೈರ್ ಮುಗಿಯಿತು.
ಚಳಿಗಾಲದ ಟೈರಿನ ಜೀವ ಇರುವುದೇ ಮೆತ್ತಗಿನ ರಬ್ಬರಿನಲ್ಲಿ. ಸಿಲಿಕಾ, ಎಣ್ಣೆ, ರಾಳ ಸೇರಿಸಿ ಅದನ್ನು ಸೊನ್ನೆಗಿಂತ ಕೆಳಗಿನ ಚಳಿಯಲ್ಲೂ ಬಾಗುವಂತೆ ಮಾಡಿರುತ್ತಾರೆ. ಹಾಗೆ ಬಾಗುವಾಗಲೇ ಬಟನ್ನಿನ ಮೇಲಿನ ಸಣ್ಣ ಸಣ್ಣ ಸೀಳುಗಳು ಬಾಯಿ ತೆರೆದು ಹಿಮವನ್ನು ಕಚ್ಚುತ್ತವೆ. ವರ್ಷ ಕಳೆದಂತೆ ಎಣ್ಣೆ ಆರುತ್ತದೆ, ಗಾಳಿಯ ಆಮ್ಲಜನಕ ಮತ್ತು ಬಿಸಿ ಸೇರಿ ರಬ್ಬರನ್ನು ಬಿಗಿಗೊಳಿಸುತ್ತವೆ. ಕಾರು ಶೆಡ್‌ನಲ್ಲೇ ನಿಂತಿದ್ದರೂ ಇದು ತಪ್ಪುವುದಿಲ್ಲ. ಹೊಸ ಟೈರಿನ ಬಟನ್ನಿಗೆ ಹೆಬ್ಬೆರಳಿನ ಉಗುರು ಒತ್ತಿ ನೋಡಿ: ಉಗುರು ಇಳಿಯುತ್ತದೆ, ತೆಗೆದ ಕೂಡಲೇ ಗುರುತು ಮಾಯವಾಗುತ್ತದೆ. ಮುದಿ ಟೈರಿನಲ್ಲಿ ಉಗುರು ಜಾರುತ್ತದೆ, ಸೀಳುಗಳನ್ನು ಬೆರಳಿನಿಂದ ಬಿಡಿಸಲು ಹೋದರೆ ಅಲುಗುವುದೇ ಇಲ್ಲ. ಎರಡನ್ನೂ ಒಂದೇ ಚಳಿಯಲ್ಲಿ ಹೋಲಿಸಬೇಕು, ಬಿಸಿ ಗ್ಯಾರೇಜಿನಲ್ಲಿ ಹಳೆಯದೂ ಮೆತ್ತಗೆನಿಸುತ್ತದೆ. ಬಟನ್ ಇನ್ನೂ 6 ಮಿ.ಮೀ. ಇರುವ ಎಷ್ಟೋ ಟೈರ್‌ಗಳನ್ನು ಈ ಒಂದೇ ಕಾರಣಕ್ಕೆ ಬೇಡವೆಂದಿದ್ದೇನೆ. ಗಿರಾಕಿಗೆ ಬೇಸರವಾಗುತ್ತದೆ ನಿಜ. ಆದರೂ ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಕಾರು ನಿಲ್ಲಬೇಕಲ್ಲ!

3. ಕಾನೂನಿಗೆ 1.6, ಹಿಮಕ್ಕೆ 4.
ಜರ್ಮನಿಯಲ್ಲಿ ಬಟನ್ 1.6 ಮಿ.ಮೀ. ಇದ್ದರೆ ದಂಡವಿಲ್ಲ. ಹಿಮದ ಮೇಲೆ ಅದು ಯಾತಕ್ಕೂ ಸಾಲದು. ಹೊಸತರಲ್ಲಿ 8 ಮಿ.ಮೀ. ಆಸುಪಾಸು ಇರುತ್ತದೆ; 4ಕ್ಕೆ ಇಳಿದರೆ ಬದಲಿಸಬೇಕು. 2 ಯೂರೋ ನಾಣ್ಯವನ್ನು ತೋಡಿನೊಳಗೆ ನಿಲ್ಲಿಸಿ, ಹೊರಗಿನ ಬೆಳ್ಳಿ ಬಣ್ಣದ ಅಂಚು ಮುಚ್ಚಿಹೋದರೆ 4 ಮಿ.ಮೀ. ಇದೆ ಎಂದರ್ಥ. ನಡುವೆಯೂ ಎರಡೂ ಅಂಚಿನಲ್ಲೂ ನೋಡಿ, ಸವೆತ ಒಂದೇ ಸಮ ಇರುವುದಿಲ್ಲ. ರಜೆಯಲ್ಲಿ ಸಾಲ್ಸ್‌ಬರ್ಗ್, ಇನ್ಸ್‌ಬ್ರುಕ್ ಕಡೆ ಹೊರಡುವವರು ಗಮನಿಸಿ: 4ಕ್ಕಿಂತ ಕಡಿಮೆಯಿರುವುದನ್ನು ಆಸ್ಟ್ರಿಯಾದ ಕಾನೂನು ಚಳಿಗಾಲದ ಟೈರ್ ಎಂದೇ ಒಪ್ಪುವುದಿಲ್ಲ. ಅಲ್ಲಿ ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ, ರಸ್ತೆಯಲ್ಲಿ ಹಿಮ ಅಥವಾ ಮಂಜುಗಡ್ಡೆ ಇದ್ದಾಗ, ಚಳಿಗಾಲದ ಟೈರ್ ಕಡ್ಡಾಯ.

4. ಮಗ್ಗುಲಲ್ಲಿ ಉಬ್ಬು ಕಂಡರೆ ಯೋಚಿಸಲೇಬೇಡಿ, ಅಂದೇ ತೆಗೆಸಿ. ಕೂದಲೆಳೆಯಂಥ ಬಿರುಕು ಮೇಲ್ಮೈಯಲ್ಲಷ್ಟೇ ಇದ್ದರೆ ವರ್ಕ್‌ಶಾಪ್‌ನವರಿಗೆ ತೋರಿಸಿ. ತೋಡಿನ ತಳದಲ್ಲಿ ಬಿರುಕು ಬಿಟ್ಟಿದ್ದರೆ ಅದರ ಕೆಲಸ ಮುಗಿದಿದೆ.

5. ಮೂರು ಶಿಖರದ ಬೆಟ್ಟ, ನಡುವೆ ಹಿಮದ ಹರಳು: ಆ ಚಿತ್ರ ಇರಲೇಬೇಕು.
2024ರ ಅಕ್ಟೋಬರ್ 1ರಿಂದ ಬರೀ 'ಎಂ+ಎಸ್' ಎಂದಿರುವ ಟೈರು ಜರ್ಮನಿಯಲ್ಲಿ ಚಳಿಗಾಲಕ್ಕೆ ಲೆಕ್ಕಕ್ಕಿಲ್ಲ. ಹಿಮ ಬಿದ್ದ ರಸ್ತೆಯಲ್ಲಿ ಅದರಲ್ಲೇ ಸಿಕ್ಕಿಬಿದ್ದರೆ 60 ಯೂರೋ ದಂಡ, ಲೈಸೆನ್ಸ್ ಮೇಲೆ ಒಂದು ಪಾಯಿಂಟ್.

6. ಬದಲಿಸುವುದಾದರೆ ನಾಲ್ಕೂ.
ದುಡ್ಡಿನ ತಾಪತ್ರಯ ನನಗೂ ಗೊತ್ತು. ಎರಡನ್ನೇ ಕೊಳ್ಳುವುದು ಅನಿವಾರ್ಯವಾದರೆ ಹೊಸವನ್ನು ಹಿಂದಕ್ಕೆ ಹಾಕಿಸಿ, ಕಾರು ಮುಂಚಕ್ರದಿಂದ ಓಡುವುದಾದರೂ ಸರಿ. ಹಿಂದಿನ ಚಕ್ರಕ್ಕೆ ಹಿಡಿತವಿಲ್ಲದಿದ್ದರೆ ತಿರುವಿನಲ್ಲಿ ಕಾರಿನ ಹಿಂಭಾಗ ಹೊರಕ್ಕೆ ತಿರುಗಿಬಿಡುತ್ತದೆ, ಅದನ್ನು ಸಾಮಾನ್ಯ ಚಾಲಕ ಸಂಭಾಳಿಸುವುದು ಕಷ್ಟ.

7. ಹಳೆಯ ಟೈರನ್ನು ಇನ್ನೊಬ್ಬರ ಕಾರಿಗೆ ದಾಟಿಸಬೇಡಿ.
ವಯಸ್ಸು ಮೀರಿದ್ದರೆ ವರ್ಕ್‌ಶಾಪ್‌ನಲ್ಲೇ ಬಿಟ್ಟುಹೋಗಿ, ಸಣ್ಣದೊಂದು ಶುಲ್ಕಕ್ಕೆ ವಿಲೇವಾರಿ ಮಾಡುತ್ತೇವೆ. ಅಗ್ಗಕ್ಕೆ ಮಾರಿದರೆ ಕೊಳ್ಳುವವರು ಯಾರು? ಹೋದ ತಿಂಗಳಷ್ಟೇ ಇಲ್ಲಿಗೆ ಬಂದಿಳಿದ ವಿದ್ಯಾರ್ಥಿ, ಹಿಮದಲ್ಲಿ ಒಮ್ಮೆಯೂ ಬ್ರೇಕ್ ಒತ್ತಿರದವನು.