ಹಳೆಯ ಪೋಸ್ಟರು ಗೋಡೆಗೇರಿದ ದಿನ ಹೊಸದೇ ಆಗಿತ್ತು

ಮಗಳೇ,

ನೀನು ಕಳಿಸಿದ ‘ಸದಾರಮೆ’ ಪೋಸ್ಟರಿನ ಕರಡು ನೋಡಿದೆ. ಭದ್ರಾವತಿಯ ನಿಮ್ಮ ತಂಡ ಕಂಪನಿ ನಾಟಕಕ್ಕೆ ಕೈಹಾಕಿದ್ದು, ಪೋಸ್ಟರೂ ಕಂಪನಿ ಕಾಲದ ಧಾಟಿಯಲ್ಲೇ ಇರಲಿ ಅಂದುಕೊಂಡದ್ದು, ಎರಡೂ ನನಗೆ ಇಷ್ಟವಾಯಿತು. ಶಿವಮೊಗ್ಗದ ಪ್ರೆಸ್ಸಿನಲ್ಲಿ ಆಯಸ್ಸು ಸವೆಸಿದ ದೊಡ್ಡಪ್ಪ ಎಂಬ ಸಲುಗೆಯಿಂದ ಮೊದಲ ಮಾತು ಹೇಳುತ್ತೇನೆ: ಆ ಕಂದು ಛಾಯೆ, ಹರಿದ ಮೂಲೆ, ಮಡಿಕೆಯ ಗೆರೆ, ಚಹಾದ ಕಲೆ ಎಲ್ಲವನ್ನೂ ತೆಗೆದುಬಿಡು.

ಹಳೆಯ ಪೋಸ್ಟರು ಗೋಡೆಗೇರಿದ ದಿನ ಹಳೆಯದಾಗಿರಲಿಲ್ಲ. ಮೈದಾ ಅಂಟು ಬಳಿದು ಶಿವಮೊಗ್ಗದ ಗಾಂಧಿ ಬಜಾರಿನ ಗೋಡೆಗೆ ಹಚ್ಚಿದಾಗ ಅದರ ಕೆಂಪು ದೂರದಿಂದಲೇ ಕಣ್ಣಿಗೆ ಹೊಡೆಯುತ್ತಿತ್ತು. ಕಾಗದ ಹಳದಿಗಟ್ಟಿದ್ದು, ಮಸಿ ಮಂಕಾದದ್ದು ಆಮೇಲೆ, ಬಿಸಿಲು ಮಳೆಗೆ. ನೀನು ಫೋಟೋಶಾಪಿನ ಫಿಲ್ಟರುಗಳಿಂದ ತಂದಿರುವುದು ಆ ಬಿಸಿಲು ಮಳೆಯನ್ನು. ನಿನಗೆ ಬೇಕಾಗಿರುವುದು ಅಚ್ಚಿನವನ ಕೆಲಸ.

ಅವನ ಕೈಯಲ್ಲಿ ಏನೇನು ಇತ್ತು ಎಂದು ತಿಳಿದುಕೊಂಡರೆ ಅರ್ಧ ಪೋಸ್ಟರು ಆದಂತೆಯೇ. ಪ್ರತಿ ಬಣ್ಣಕ್ಕೂ ಹಾಳೆ ಇನ್ನೊಮ್ಮೆ ಮಷೀನಿಗೆ ಹೋಗಬೇಕು, ಕೂಲಿ ಇನ್ನೊಮ್ಮೆ ಕೊಡಬೇಕು. ಅದಕ್ಕೇ ನಾಟಕದ ಪೋಸ್ಟರುಗಳಲ್ಲಿ ಒಂದು ಮಸಿ, ಹೆಚ್ಚೆಂದರೆ ಎರಡು. ಇನ್ನೊಂದು ಬಣ್ಣ ಬೇಕೆನಿಸಿದರೆ ಗುಲಾಬಿಯೋ ಹಳದಿಯೋ ಕಾಗದವನ್ನೇ ತರುತ್ತಿದ್ದರು. ಇನ್ನು ಅಚ್ಚಿನ ಮೊಳೆ. ಕನ್ನಡದಲ್ಲಿ ಒಂದೇ ಅಳತೆಯ ಮೊಳೆಯನ್ನು ಪೂರ್ತಿ ಇಟ್ಟುಕೊಳ್ಳುವುದು ಹುಡುಗಾಟವಲ್ಲ. ಅಕ್ಷರ, ಕಾಗುಣಿತ, ಒತ್ತು ಎಲ್ಲಕ್ಕೂ ಮೊಳೆಯ ಪೆಟ್ಟಿಗೆಯಲ್ಲಿ ಬೇರೆ ಬೇರೆ ಮನೆ ಬೇಕು. ದೊಡ್ಡ ಅಕ್ಷರಗಳಿಗೆ ಮರದ ಮೊಳೆ, ಅದೂ ಕೆಲವೇ ಅಳತೆಗಳಲ್ಲಿ. ಹೀಗಾಗಿ ಕಂಪೋಸಿಟರು ಇದ್ದುದರಲ್ಲೇ ಜೋಡಿಸುತ್ತಿದ್ದ. ಒಂದು ಸಾಲು ದಪ್ಪ, ಮುಂದಿನದು ಸಣ್ಣ, ನಡುವೆ ರೂಲು, ಸುತ್ತ ಹೂವಿನ ಬಾರ್ಡರು. ಪ್ರತಿ ಸಾಲೂ ಹಾಳೆಯ ಅಗಲವನ್ನು ತುಂಬುವಂತೆ ಜೋಡಿಸಬೇಕು. ನಾವು ಇವತ್ತು ಮೆಚ್ಚುವ ಆ ಚಂದ ಹುಟ್ಟಿದ್ದು ಹೀಗೆ, ಕೊರತೆಯಿಂದ. ನಿನ್ನ ಕಂಪ್ಯೂಟರಿನಲ್ಲಿ ಕೋಟ್ಯಂತರ ಬಣ್ಣಗಳಿವೆ. ಎರಡನ್ನು ಆರಿಸಿಕೊಂಡು ಉಳಿದವನ್ನು ಮುಟ್ಟಬೇಡ.

ಇನ್ನೊಂದು ವಿಷಯ. ಸಿನಿಮಾ ಪೋಸ್ಟರಿನ ವಂಶವೇ ಬೇರೆ. ಅಲ್ಲಿ ಕಲಾವಿದರು ಚಿತ್ರವನ್ನೂ ಹೆಸರನ್ನೂ ಕೈಯಲ್ಲೇ ಬರೆಯುತ್ತಿದ್ದರು, ಅದು ಲಿಥೋದಲ್ಲಿ, ಅಂದರೆ ಕಲ್ಲಚ್ಚಿನಲ್ಲಿ, ಅಚ್ಚಾಗುತ್ತಿತ್ತು. ಕೈಬರಹವಾದ್ದರಿಂದ ಅಲ್ಲಿ ಅಕ್ಷರ ಬಾಗಬಹುದು, ಓರೆಯಾಗಬಹುದು, ನೆರಳು ಬೀಳಿಸಬಹುದು. ಮೊಳೆಯ ಅಕ್ಷರ ಹಾಗೆ ಬಾಗುವುದಿಲ್ಲ. ನಿನ್ನ ಕರಡಿನಲ್ಲಿ ಮೊಳೆಯ ಸಾಲುಗಳ ನಡುವೆ ‘ಸದಾರಮೆ’ ಕಾಮನಬಿಲ್ಲಿನಂತೆ ಬಗ್ಗಿದೆ. ಎರಡರಲ್ಲಿ ಒಂದು ದಾರಿ ಹಿಡಿ. ನನ್ನನ್ನು ಕೇಳಿದರೆ ಹೆಸರನ್ನು ನೀನೇ ಬ್ರಷ್ಷಿನಲ್ಲಿ ಬಿಳಿ ಹಾಳೆಯ ಮೇಲೆ ಬರೆದು, 600 ಡಿಪಿಐಗೆ ಸ್ಕ್ಯಾನ್ ಮಾಡಿ ಹಾಕು. ಉಳಿದದ್ದೆಲ್ಲ ನೆಟ್ಟಗೆ ಮೊಳೆಯಂತೆ ನಿಲ್ಲಲಿ.

ಕನ್ನಡ ಅಕ್ಷರದ ವಿಷಯದಲ್ಲಿ ಮಾತ್ರ ನಾನು ಕಠಿಣ. ಕರಡಿನ ಅಡಿಯಲ್ಲಿ ‘ಭದ್ರಾವತಿ’ಯ ರ-ಒತ್ತು ದಕಾರದ ಬುಡ ಬಿಟ್ಟು ಪಕ್ಕಕ್ಕೆ ಸರಿದು ನಿಂತಿದೆ. ನಿನಗೆ ಅದು ಚಿಕ್ಕದಾಗಿ ಕಂಡಿರಬಹುದು, ಗೋಡೆಯ ಮೇಲೆ ಊರಿಗೇ ಕಾಣುತ್ತದೆ. ಫೋಟೋಶಾಪಿನ ಪ್ರಿಫರೆನ್ಸಸ್‌ನಲ್ಲಿ ಟೈಪ್ ಎಂಬಲ್ಲಿಗೆ ಹೋಗಿ ‘ವರ್ಲ್ಡ್ ರೆಡಿ’ ಆಯ್ಕೆ ಮಾಡಿಕೋ; ಕೆಲವು ಆವೃತ್ತಿಗಳಲ್ಲಿ ಅದಕ್ಕೆ ‘ಮಿಡಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್’ ಎಂದು ಹೆಸರು. ಗಿಂಪ್, ಇಂಕ್‌ಸ್ಕೇಪ್‌ಗಳು ಹಣ ಕೇಳುವುದಿಲ್ಲ, ಯೂನಿಕೋಡ್ ಕನ್ನಡವನ್ನು ಸರಿಯಾಗಿಯೇ ತೋರಿಸುತ್ತವೆ. ಯಾವುದನ್ನೇ ತೆರೆದರೂ ಮೊದಲು ‘ಶಿವಮೊಗ್ಗ’, ‘ಭದ್ರಾವತಿ’ ಎಂದು ಟೈಪ್ ಮಾಡಿ ನೋಡು. ಗ-ಒತ್ತು, ರ-ಒತ್ತು ತಮ್ಮ ಜಾಗದಲ್ಲಿ ಕುಳಿತರೆ ಮುಂದುವರಿ. ಸಾಲುಗಳ ನಡುವೆ ಒತ್ತಿಗೆ ಜಾಗ ಬಿಡು; ಇಂಗ್ಲಿಷಿಗೆ ಸಾಕಾಗುವ ಅಂತರ ನಮಗೆ ಸಾಲದು. ವಿಂಡೋಸಿನ ಜೊತೆ ಬರುತ್ತಿದ್ದ ಕನ್ನಡ ಫಾಂಟಿಗೆ ನಮ್ಮ ಹೊಳೆಯ ಹೆಸರು, ತುಂಗಾ. ಹೆಸರು ಕಂಡರೆ ನನಗೂ ಅಭಿಮಾನವೇ. ಆದರೂ ಅದು ಪರದೆಯ ಮೇಲೆ ಓದುವುದಕ್ಕಿರುವ ಅಕ್ಷರ, ಗೋಡೆಗೆ ದಪ್ಪನೆಯದೇ ಬೇಕು. ಫೈಲನ್ನು ಅಚ್ಚಿಗೆ ಕೊಡುವಾಗ ಅಕ್ಷರಗಳನ್ನು ಕರ್ವ್ ಮಾಡಿ ಕೊಡು. ನಿನ್ನ ಫಾಂಟು ಅವರ ಕಂಪ್ಯೂಟರಿನಲ್ಲಿ ಇರುತ್ತದೆಂಬ ಭರವಸೆ ಇಲ್ಲ.

ಚಿತ್ರಕ್ಕೆ ನೆಟ್ಟಿನಿಂದ ಇಳಿಸಿದ ಫೋಟೋ ಬೇಡ. ಅದು ಇನ್ನೊಬ್ಬರದು, ಸಾಲದ್ದಕ್ಕೆ ಅಚ್ಚಿನಲ್ಲಿ ಒಡೆದುಹೋಗುತ್ತದೆ. ನಿಮ್ಮ ಸದಾರಮೆಗೂ ಕಳ್ಳನಿಗೂ ವೇಷ ಹಾಕಿಸಿ, ಒಂದೇ ಕಡೆಯಿಂದ ಬೆಳಕು ಬಿಟ್ಟು ಫೋಟೋ ತೆಗೆ. ಆ ಕಳ್ಳನ ಪಾತ್ರದಿಂದಲೇ ಗುಬ್ಬಿ ವೀರಣ್ಣನವರು ಮನೆಮಾತಾದದ್ದು, ಅವನ ಮುಖ ಪೋಸ್ಟರಿನಲ್ಲಿ ಇರಲೇಬೇಕು. ಫೋಟೋಶಾಪಿನಲ್ಲಿ ಆ ಫೋಟೋವನ್ನು ಗ್ರೇಸ್ಕೇಲ್ ಮಾಡಿ, ಅಲ್ಲಿಂದ ಬಿಟ್‌ಮ್ಯಾಪ್‌ಗೆ ತಂದು, ಹಾಫ್‌ಟೋನ್ ಸ್ಕ್ರೀನ್ ಆರಿಸಿ 45 ಡಿಗ್ರಿ ಕೊಡು. ಗಿಂಪ್‌ನಲ್ಲಿ ಇದಕ್ಕೆ ನ್ಯೂಸ್‌ಪ್ರಿಂಟ್ ಎಂಬ ಫಿಲ್ಟರ್ ಇದೆ. ಸತುವಿನ ಬ್ಲಾಕಿನಲ್ಲಿ ಕಾಣುತ್ತಿದ್ದ ಚುಕ್ಕಿಗಳೇ ಇವು. ಎರಡು ಬಣ್ಣಗಳನ್ನು ಎರಡು ಲೇಯರುಗಳಲ್ಲಿಟ್ಟು, ಮೇಲಿನದಕ್ಕೆ ಮಲ್ಟಿಪ್ಲೈ ಕೊಟ್ಟರೆ ಒಂದರ ಮೇಲೊಂದು ಬಿದ್ದ ಕಡೆ ಮೂರನೆಯ ಬಣ್ಣ ತಾನಾಗಿ ಬರುತ್ತದೆ.

ಅಚ್ಚಿನ ಮಾತಿಗೆ ಬಂದರೆ, ಫ್ಲೆಕ್ಸ್ ಬೇಡವೇ ಬೇಡ. ಸರ್ಕಾರ 2016ರಲ್ಲೇ ಪ್ಲಾಸ್ಟಿಕ್ಕಿನ ಜೊತೆ ಅದನ್ನೂ ನಿಷೇಧಿಸಿದೆ. ಡಿಜಿಟಲ್ ಪ್ರಿಂಟೂ ನಿನ್ನ ಕೆಲಸಕ್ಕೆ ಒಪ್ಪುವುದಿಲ್ಲ. ಮದುವೆ ಕಾಗದಕ್ಕೆ ಸ್ಕ್ರೀನ್ ಪ್ರಿಂಟಿಂಗ್ ಮಾಡುವವರನ್ನು ಹುಡುಕು. 20×30 ಇಂಚಿನ ಹಾಳೆಯನ್ನು ಅರ್ಧ ಮಾಡಿದರೆ 15×20. 300 ಡಿಪಿಐಗೆ ನಿನ್ನ ಫೈಲು 4500×6000 ಪಿಕ್ಸೆಲ್ ಇರಬೇಕು. ನಿನ್ನ ಎರಡು ಬಣ್ಣ ಕೆಂಪು, ನೀಲಿ ಎಂದಿಟ್ಟುಕೋ; ಕೆಂಪಿಗೊಂದು, ನೀಲಿಗೊಂದು, ಎರಡನ್ನೂ ಅಪ್ಪಟ ಕಪ್ಪಿನಲ್ಲೇ ಬೇರೆ ಬೇರೆ ಪುಟವಾಗಿ ಕೊಡು. ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರಲು ನಾಲ್ಕು ಮೂಲೆಗಳಲ್ಲಿ ಕೂಡುಗುರುತು ಹಾಕಿರು. ಕೈಯಲ್ಲಿ ಎಳೆಯುವಾಗ ಒಂದು ಬಣ್ಣ ಕೂದಲೆಳೆಯಷ್ಟು ಸರಿಯಬಹುದು, ಸರಿಯಲಿ. ಬೇಕೆಂದು ಸರಿಸಬೇಡ.

ಕಾಗದ ಹೊಳೆಯುವ ಆರ್ಟ್ ಪೇಪರ್ ಬೇಡ, ಮ್ಯಾಪ್‌ಲಿಥೋ ಇರಲಿ. ಭದ್ರಾವತಿಯ ಹುಡುಗಿಗೆ ಕಾಗದದ ಪಾಠ ನಾನು ಹೇಳುವಂತಾಯಿತಲ್ಲ ಎಂದು ಬೇಸರ. 1936ರಲ್ಲಿ ಹುಟ್ಟಿದ ಮೈಸೂರು ಪೇಪರ್ ಮಿಲ್ಸ್ (ಎಂಪಿಎಂ) ನಿಮ್ಮ ಊರಿನದು, ಪೇಪರ್ ಟೌನ್ ಎಂದರೆ ಇವತ್ತಿಗೂ ಆಟೋದವರಿಗೆ ಗೊತ್ತು. ಕಾರ್ಖಾನೆ ನಿಂತು ವರ್ಷಗಳಾದವು. ಅಲ್ಲಿ ದುಡಿದ ಹಿರಿಯರು ನಿಮ್ಮ ಬೀದಿಯಲ್ಲೇ ಇರುತ್ತಾರೆ. ಹಾಳೆಯನ್ನು ಬೆರಳಲ್ಲಿ ಉಜ್ಜಿ ಹದ ಹೇಳಬಲ್ಲವರು ಅವರು. ಕೊಳ್ಳುವ ಮೊದಲು ಒಬ್ಬರಿಗೆ ತೋರಿಸು.

ಇಸವಿಯನ್ನೂ ಸರಿಯಾಗಿ ಲೆಕ್ಕ ಹಾಕು. ಪೋಸ್ಟರು 1955ರ ಕಾಲದ್ದು ಎಂದು ನೀನೇ ಹೇಳಿದ್ದೀಯೆ, ಟಿಕೆಟಿನ ದರ ಮಾತ್ರ 50 ಪೈಸೆ ಎಂದಿದೆ. ನಯಾ ಪೈಸೆ ಬಂದದ್ದು 1957ರ ಏಪ್ರಿಲಿನಲ್ಲಿ. ಅಲ್ಲಿಯವರೆಗೆ ಆಣೆ, 16 ಆಣೆಗೆ ಒಂದು ರೂಪಾಯಿ. ‘ಕರ್ನಾಟಕ ರಾಜ್ಯ’ ಎಂದೂ ಹಾಕಿದ್ದೀಯೆ. 1973ರ ನವೆಂಬರ್ 1ರವರೆಗೆ ನಮ್ಮದು ಮೈಸೂರು. ಪಿನ್‌ಕೋಡ್ 1972ರಲ್ಲಿ ಬಂದದ್ದು, ತೆಗೆದುಹಾಕು. ನಿಮ್ಮ ಕಬ್ಬಿಣದ ಕಾರ್ಖಾನೆಗೆ ವಿಶ್ವೇಶ್ವರಯ್ಯನವರ ಹೆಸರಿಟ್ಟದ್ದೂ ಎಪ್ಪತ್ತರ ದಶಕದಲ್ಲೇ, ಆ ಹೆಸರನ್ನೂ ಹಾಕಬೇಡ. ನಿಜವಾದ ಪ್ರದರ್ಶನದ ದಿನ, ವೇಳೆ, ಸ್ಥಳವನ್ನು ಮಾತ್ರ ಇಂದಿನವರಿಗೆ ಅರ್ಥವಾಗುವಂತೆ ದಪ್ಪಕ್ಷರದಲ್ಲಿ ಹಾಕು. ನಾಟಕಕ್ಕೆ ಜನ ಬರದೆ ಹೋದರೆ ಪೋಸ್ಟರು ಎಷ್ಟು ಚಂದವಿದ್ದೂ ಪ್ರಯೋಜನವಿಲ್ಲ.

ಕಡೆಗೆ, ಹಳೆಯ ಪೋಸ್ಟರುಗಳ ಅಡಿಯಲ್ಲಿ ಸಣ್ಣ ಮೊಳೆಯಲ್ಲಿ ಪ್ರೆಸ್ಸಿನ ಹೆಸರು, ಊರು ಇರುವುದನ್ನು ನೋಡಿರುತ್ತೀಯೆ. 1867ರ ಮುದ್ರಣ ಕಾಯ್ದೆ ಅದನ್ನು ಕಡ್ಡಾಯ ಮಾಡಿತ್ತು. ನಿನ್ನ ಕರಡಿನಲ್ಲಿ ವಿನ್ಯಾಸ ಮಾಡಿದವಳೆಂದು ನಿನ್ನ ಹೆಸರಿದೆ, ಸಂತೋಷ. ಅದರ ಪಕ್ಕದಲ್ಲೇ, ಅಷ್ಟೇ ಅಳತೆಯಲ್ಲಿ, ಸ್ಕ್ರೀನ್ ಎಳೆದು ಅಚ್ಚು ಹಾಕಿಕೊಟ್ಟವರ ಹೆಸರನ್ನೂ ಸೇರಿಸು.