ಒಂದು ವೋಲ್ಟಿಗೆ ಎರಡು ಲಕ್ಷ

ಹಾಲ್‌ನಲ್ಲಿರುವ ಆಂಪ್ಲಿಫೈಯರ್‌ಗೆಂದೇ ಡಿಬಿಯಿಂದ (ಡಿಸ್ಟ್ರಿಬ್ಯೂಷನ್ ಬೋರ್ಡ್) ಒಂದು ಪ್ರತ್ಯೇಕ ಲೈನ್ ಎಳೆಸಿದೆ. ಖರ್ಚು 43,600 ರೂಪಾಯಿ. ಅದರಲ್ಲಿ ವೈರಿನ ಪಾಲು ಬರೀ 5,300. ಉಳಿದದ್ದು ಎಲ್ಲೆಲ್ಲಿ ಹೋಯಿತೆಂದು ಬರೆದಿಟ್ಟರೆ ಇದೇ ಯೋಚನೆಯಲ್ಲಿರುವ ನಾಲ್ಕು ಜನಕ್ಕಾದರೂ ಉಪಯೋಗವಾದೀತು.

ಮೈಸೂರಿನ ನಮ್ಮ ಮನೆ ತೊಂಬತ್ತರ ದಶಕದ್ದು. ಮೀಟರ್ ಪಕ್ಕದ ಡಿಬಿಯಿಂದ ಹಾಲ್‌ನ ಮೂಲೆಗೆ ಪೈಪು ಸುತ್ತಿ ಬಳಸಿ ಹೋಗುವ ದಾರಿ ಸುಮಾರು 18 ಮೀಟರ್. ಹಾಲ್, ಫ್ರಿಜ್, ಇಸ್ತ್ರಿಪೆಟ್ಟಿ ಎಲ್ಲಕ್ಕೂ ಒಂದೇ ಲೈನು. ಹೊಸ ಆಂಪ್ ಬಂದ ದಿನದಿಂದ ಎರಡೂ ಸ್ಪೀಕರಿನಲ್ಲಿ ಗುಂಯ್ ಎನ್ನುವ ಸದ್ದು, ಶ್ರುತಿ ಸೇರದ ತಂಬೂರಿಯನ್ನು ಯಾರೋ ಒಳಗೆ ಕೂತು ಮೀಟುತ್ತಿರುವ ಹಾಗೆ. ಫ್ರಿಜ್ ಚಾಲೂ ಆದಾಗೆಲ್ಲ ಮೇಲಿಂದ ಟಪ್ ಎಂಬ ಹೊಡೆತ. ಅಂಗಡಿಯವರು ಎರಡು ಔಷಧಿ ಹೇಳಿದರು: 85,000 ರೂಪಾಯಿಯ ಪವರ್ ಕಂಡೀಷನರ್, 38,000 ರೂಪಾಯಿಯ ಪವರ್ ಕೇಬಲ್. ಎರಡನ್ನೂ ಬಿಟ್ಟು ಲೈನ್ ಎಳೆಸಲು ಹೊರಟೆ.

ಫೇಸ್, ನ್ಯೂಟ್ರಲ್, ಅರ್ಥ್ ಮೂರೂ ಸೇರಿ 54 ಮೀಟರ್, 4 ಸ್ಕ್ವೇರ್ ಎಂಎಂ ತಾಮ್ರದ ವೈರು. ಡಿಬಿಯಲ್ಲಿ ಎಂಸಿಬಿ, ಕರೆಂಟು ಸೋರಿದರೆ ಲೈನ್ ಕಡಿಯುವ ಆರ್‌ಸಿಸಿಬಿಗೆ 4,200. ಪೈಪು, ಬಾಕ್ಸು, 16 ಆಂಪಿಯರಿನ ಸಾಕೆಟ್ಟುಗಳಿಗೆ 3,100. ಎಲೆಕ್ಟ್ರಿಷಿಯನ್ ಮತ್ತು ಅವರ ಹುಡುಗನ ಕೂಲಿ 6,500. ಗೋಡೆ ಕಟಿಂಗು, ಆಮೇಲೆ ಗಾರೆಯವರು ಬಂದು ಮುಚ್ಚಿದ್ದು 4,500. ಇಲ್ಲಿಗೆ ನಿಂತಿದ್ದರೆ 23,600ಕ್ಕೆ ಮುಗಿಯುತ್ತಿತ್ತು. ಆದರೆ ಹಳೆಯ ಗೋಡೆಯ ಮೇಲೆ ಹೊಸ ಪುಟ್ಟಿ ಎದ್ದು ಕಾಣುತ್ತದೆ. ಅದೇ ನಂಬರಿನ ಪೇಂಟ್ ತಂದು ಬಳಿದರೂ ಬಣ್ಣ ಹೊಂದುವುದಿಲ್ಲ. ಮನೆಯವಳು ಒಂದೇ ಮಾತು ಹೇಳಿದಳು, ‘ಹೊಡೆಸೋದಾದ್ರೆ ಪೂರ್ತಿ ಹಾಲ್‌ಗೇ ಹೊಡೆಸಿ.’ ಅದಕ್ಕೆ 20,000. ಎಲೆಕ್ಟ್ರಿಷಿಯನ್ ಕೊಡುವ ಅಂದಾಜಿನಲ್ಲಿ ಪೇಂಟಿನ ಸಾಲು ಇರುವುದಿಲ್ಲ. ನೀವೇ ಸೇರಿಸಿಕೊಳ್ಳಬೇಕು.

ಇಷ್ಟಕ್ಕೆ ಸಿಕ್ಕಿದ್ದೇನು? ಪೆನ್ನು ಹಿಡಿಯಿರಿ. ಹಳೆಯ 2.5 ಸ್ಕ್ವೇರ್ ಎಂಎಂ ವೈರಿಗೆ ಕಿಲೋಮೀಟರಿಗೆ ಹೆಚ್ಚುಕಮ್ಮಿ 8 ಓಮ್ ರೆಸಿಸ್ಟೆನ್ಸ್, ಹೊಸ 4 ಸ್ಕ್ವೇರ್ ಎಂಎಂಗೆ 5 ಓಮ್. ಕರೆಂಟು ಹೋಗಿ ಬರಬೇಕಾದ್ದರಿಂದ 18 ಮೀಟರ್ ಎಂದರೆ 36 ಮೀಟರ್ ಲೆಕ್ಕ. ಹಳೆಯದರಲ್ಲಿ 0.29 ಓಮ್, ಹೊಸದರಲ್ಲಿ 0.18. ನನ್ನ ಆಂಪ್ ಪಕ್ಕದ ಮನೆಯವರು ಜಗಳಕ್ಕೆ ಬರುವಷ್ಟು ಜೋರಾಗಿ ಹಾಡಿದರೂ ಎಳೆಯುವುದು 450 ವ್ಯಾಟ್, ಅಂದರೆ ಸುಮಾರು 2 ಆಂಪಿಯರ್. ಹಳೆಯ ವೈರಿನಲ್ಲಿ ದಾರಿಯಲ್ಲಿ ಕಳೆದುಹೋಗುತ್ತಿದ್ದದ್ದು 0.58 ವೋಲ್ಟ್, ಈಗ 0.36. ಉಳಿತಾಯ 0.22 ವೋಲ್ಟ್. 43,600ನ್ನು 0.22ರಿಂದ ಭಾಗಿಸಿದರೆ ಒಂದು ವೋಲ್ಟಿಗೆ ಹತ್ತಿರ ಹತ್ತಿರ ಎರಡು ಲಕ್ಷ ರೂಪಾಯಿ! ಇತ್ತ ನಮ್ಮ ಬೀದಿಯ ವೋಲ್ಟೇಜ್ ಮಧ್ಯಾಹ್ನ 228 ಇದ್ದದ್ದು ಸಂಜೆ ಏಳಕ್ಕೆ 212ಕ್ಕೆ ಇಳಿದಿರುತ್ತದೆ. 16 ವೋಲ್ಟ್ ಏರಿಳಿತವನ್ನು ಸದ್ದಿಲ್ಲದೆ ನುಂಗಿಕೊಳ್ಳುವ ಆಂಪ್‌ಗೆ 0.22 ಯಾವ ಲೆಕ್ಕ?

ಅಂಗಡಿಯ ಕೇಬಲ್ಲಿಗೂ ಇದೇ ಲೆಕ್ಕ ಹಾಕಿ ನೋಡಿದೆ. ಡಬ್ಬಿಯ ಜೊತೆ ಬಂದ ಒಂದೂವರೆ ಮೀಟರಿನ ಸಾಮಾನ್ಯ ಕಾರ್ಡಿನಲ್ಲಿ 0.04 ಓಮ್, 2 ಆಂಪಿಯರಿಗೆ 0.08 ವೋಲ್ಟ್ ನಷ್ಟ. ದುಬಾರಿ ಕೇಬಲ್ಲು ಅಷ್ಟನ್ನೂ ಉಳಿಸಿಕೊಟ್ಟಿತು ಎಂದೇ ಇಟ್ಟುಕೊಳ್ಳಿ, ವೋಲ್ಟಿಗೆ 4.75 ಲಕ್ಷ. ಅದು ಗಾಯಕಿಯ ಉಸಿರನ್ನು ಕೇಳಿಸುತ್ತದಂತೆ. ಇನ್ನು ಪವರ್ ಕಂಡೀಷನರ್ ಕರೆಂಟನ್ನು ಶುದ್ಧಿ ಮಾಡುತ್ತದಂತೆ. ಆಂಪ್‌ನ ಒಳಗೆ ಟ್ರಾನ್ಸ್‌ಫಾರ್ಮರ್, ರೆಕ್ಟಿಫೈಯರ್, ದಪ್ಪ ಕೆಪಾಸಿಟರುಗಳು ಕೂತಿರುವುದೇ ಆ ಕೆಲಸಕ್ಕೆ; ಆಂಪ್‌ಗೆ ದುಡ್ಡು ಕೊಟ್ಟಾಗ ಅವಕ್ಕೂ ಕೊಟ್ಟಾಗಿದೆ. ಗುಡುಗು ಸಿಡಿಲಿಗೆ ಹೆದರುವುದಾದರೆ, ಏಪ್ರಿಲ್ ಮೇ ಮಳೆ ಕಂಡವರು ಹೆದರಲೇಬೇಕು, ಡಿಬಿಯಲ್ಲೇ ಒಂದು ಸರ್ಜ್ ಪ್ರೊಟೆಕ್ಟರ್ ಹಾಕಿಸಿ. ಕೆಲವು ಸಾವಿರದಲ್ಲಿ ಟಿವಿ, ಫ್ರಿಜ್ ಸೇರಿ ಇಡೀ ಮನೆಗೆ ಆಗುತ್ತದೆ. 85,000 ಕೊಟ್ಟು ಬರೀ ಆಂಪ್ ಒಂದನ್ನೇ ಕಾಯುವ ಪೆಟ್ಟಿಗೆ ಯಾರಿಗೆ ಬೇಕು?

ಹೊಸ ಲೈನಿನ ಮೇಲೆ ಟಪ್ ಎನ್ನುವುದು ನಿಂತಿತು. ಗುಂಯ್ ನಿಲ್ಲಲಿಲ್ಲ, ಒಂದು ಕೂದಲಷ್ಟು ಜಾಸ್ತಿಯೇ ಆಯಿತು. ಎಲೆಕ್ಟ್ರಿಷಿಯನ್ ಆಂಪ್‌ನ ಹಿಂದೆ ಮಂಡಿಯೂರಿ ಕೂತು ಒಂದೊಂದೇ ವೈರು ಕಿತ್ತರು. ಸಿಡಿ ಪ್ಲೇಯರ್ ತೆಗೆದರು, ಸದ್ದು ಇತ್ತು. ಟಿವಿಯಿಂದ ಬರುವ ವೈರು ಹಾಗೇ ಇಟ್ಟು, ‘ಸಾರ್, ಸೆಟ್ ಟಾಪ್ ಬಾಕ್ಸಿಂದ ಕೇಬಲ್ ಟಿವಿ ವೈರ್ ಬಿಚ್ಚಿ’ ಎಂದರು. ಬಿಚ್ಚಿದೆ. ಸದ್ದು ಕತ್ತರಿಸಿದ ಹಾಗೆ ನಿಂತಿತು. ಬೀದಿಯ ಕಂಬದಿಂದ ಬಂದ ಕೇಬಲ್ಲಿನ ಶೀಲ್ಡ್, ಮನೆಯ ಅರ್ಥ್ ಎರಡೂ ಸೇರಿ ಗ್ರೌಂಡ್ ಲೂಪ್ ಆಗಿತ್ತು. ಆ ಜಾಗಕ್ಕೆ ಹಾಕುವ ಐಸೊಲೇಟರ್ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ.

ಗುಂಯ್ ನಿಲ್ಲಿಸಲು ಪ್ಲಗ್ಗಿನ ಮೂರನೇ ಪಿನ್ ಕತ್ತರಿಸಿ ಎನ್ನುವವರೂ ಇದ್ದಾರೆ. ಕೆಲವೊಮ್ಮೆ ಸದ್ದು ನಿಲ್ಲುವುದೂ ನಿಜ. ಆದರೆ ನಾಳೆ ಆಂಪ್‌ನ ಬಾಡಿಗೆ ಫೇಸ್ ತಗುಲಿದರೆ ಕರೆಂಟು ನೆಲಕ್ಕಿಳಿಯುವುದು ನಿಮ್ಮ ಮೈ ಮೂಲಕ. ಹಾಗೆಯೇ ಆಡಿಯೋಗೆಂದು ಅಂಗಳದಲ್ಲಿ ಬೇರೆ ಗುಂಡಿ ತೋಡಿಸಿ, ಮನೆಯ ಅರ್ಥ್‌ಗೆ ಜೋಡಿಸದ ಅರ್ಥಿಂಗ್ ಮಾಡಿಸುವುದು: ದುಡ್ಡೂ ದಂಡ, ಅಪಾಯವೂ ಹೌದು.

ಹಾಗಾದರೆ 43,600 ನೀರಿಗೆ ಹೋಯಿತೇ? ಇಲ್ಲ. ಹಳೆಯ ಬೋರ್ಡ್ ಬಿಚ್ಚಿದಾಗ ಅರ್ಥ್ ವೈರು ಸಾಕೆಟ್ಟಿನವರೆಗೂ ಬಂದು ಯಾವ ಸ್ಕ್ರೂಗೂ ಸೇರದೆ ನೇತಾಡುತ್ತಿತ್ತು. ಇಷ್ಟು ವರ್ಷ ಅದೇ ಬೋರ್ಡಿನಲ್ಲಿ ಇಸ್ತ್ರಿಪೆಟ್ಟಿ ಹಾಕಿದ್ದೇವೆ. ನನ್ನ ಲೆಕ್ಕದ ಪುಸ್ತಕದಲ್ಲಿ ಈ ಖರ್ಚು ಸಂಗೀತದ ಖಾತೆಯಲ್ಲಿಲ್ಲ, ಮನೆ ರಿಪೇರಿ ಖಾತೆಯಲ್ಲಿದೆ.

ಸಂಗೀತದ ಖಾತೆಗೆ ಬರಬೇಕಾದ ನಿಜವಾದ ಖರ್ಚು ಬೇರೆ ಇದೆ. ಆಂಪ್ ಸದಾ ಬೆಚ್ಚಗಿದ್ದರೆ ಸದ್ದು ಚೆನ್ನ ಎಂದು ರಾತ್ರಿ ಹಗಲು ಆನ್ ಇಡುವ ಚಟ. ಹಾಡದೆ ಸುಮ್ಮನೆ ಕೂತರೂ ನನ್ನದು 60 ವ್ಯಾಟ್ ತಿನ್ನುತ್ತದೆ. ತಿಂಗಳಿಗೆ 43 ಯೂನಿಟ್. ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆಯಲ್ಲಿ 165 ಯೂನಿಟ್ ಸುಡುವ ಮನೆ ಇದರಿಂದ 208ಕ್ಕೆ ಏರುತ್ತದೆ. 200 ದಾಟಿದರೆ ಬಿಲ್ಲು ಬರುವುದು ಆ 8 ಯೂನಿಟ್ಟಿಗಲ್ಲ, ಪೂರ್ತಿ 208ಕ್ಕೆ. ಯೂನಿಟ್ಟಿಗೆ 6 ರೂಪಾಯಿ ಹಿಡಿದರೂ 1,248, ಮೇಲೆ ನಿಗದಿತ ಶುಲ್ಕ. ಲಕ್ಷದ ಸಿಸ್ಟಮ್ಮಿನ ಸ್ವಿಚ್ ಆರಿಸಲು ಎದ್ದು ಹೋಗದವರಿಗೆ ಕೇಬಲ್ಲಿನ ಗುಣಮಟ್ಟದ ಚರ್ಚೆ ಯಾಕೆ ಎಂದು ನನ್ನ ಸ್ನೇಹಿತರನ್ನೂ ಕೇಳುತ್ತೇನೆ. ಬೈಸಿಕೊಳ್ಳುತ್ತೇನೆ.

ಮನೆಗೆ ಪೇಂಟ್ ಮಾಡಿಸುವ ವರ್ಷ ಬಂದಿದ್ದರೆ ಮೊದಲು ಲೈನ್ ಎಳೆಸಿ, ಆಮೇಲೆ ಪೇಂಟಿನವರನ್ನು ಕರೆಯಿರಿ. 23,600ರ ಆಸುಪಾಸಿನಲ್ಲಿ ಕೆಲಸ ಮುಗಿಯುತ್ತದೆ. ಬಂದಿಲ್ಲವಾದರೆ ಗೋಡೆ ಮುಟ್ಟಬೇಡಿ. ಇವತ್ತು ಮಾಡಬೇಕಾದ್ದು ಇಷ್ಟೇ: ಡಿಬಿ ತೆರೆದು ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ ನೋಡಿ. ಟ್ರಿಪ್ ಆಗದಿದ್ದರೆ, ಅಥವಾ ಆರ್‌ಸಿಸಿಬಿಯೇ ಇಲ್ಲದಿದ್ದರೆ, ಆಡಿಯೋ ಅಂಗಡಿಗೆ ಹೋಗುವ ಮೊದಲು ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ.