ಇಂಗ್ಲಿಷಿನ ಹೊಸ ಭಾವಪದಗಳು: ಅರ್ಥ ಹಿಡಿಯುವ ಬಗೆ

ಮರಾಠಿಯಲ್ಲಿ 'ಹಾತ ದೇಣೆ' ಎಂದರೆ ನೆರವಾಗುವುದು. ಕನ್ನಡದಲ್ಲಿ 'ಕೈಕೊಡು' ಎಂದರೆ ನಂಬಿದವರನ್ನು ನಡುವೆಯೇ ಬಿಟ್ಟುಹೋಗುವುದು. ಎರಡರ ವಾಚ್ಯಾರ್ಥ ಒಂದೇ. ಭಾವ ಮಾತ್ರ ತದ್ವಿರುದ್ಧ. ಸೊಲ್ಲಾಪುರ, ಅಕ್ಕಲಕೋಟೆಗಳಲ್ಲಿ ಎರಡು ನುಡಿಗಳ ನಡುವೆ ಬೆಳೆದ ನಾವು ಈ ತೊಡಕನ್ನು ಎಡವದೆ ದಾಟುತ್ತೇವೆ. ಆದರೆ ಭಾವನೆಗಳನ್ನು ಸೂಚಿಸುವ ಇಂಗ್ಲಿಷಿನ ಸ್ಲ್ಯಾಂಗ್ ಪದಗಳು ಎದುರಾದಾಗ ನಿಘಂಟಿನ ಅರ್ಥಕ್ಕೇ ಜೋತುಬೀಳುತ್ತೇವೆ. ಕಾವ್ಯಮೀಮಾಂಸೆಯಲ್ಲಿ ನೀವು ಓದುವ ಅಭಿಧಾ, ಲಕ್ಷಣಾ, ವ್ಯಂಜನಾ ಎಂಬ ಶಬ್ದಶಕ್ತಿಗಳು ಇಲ್ಲಿಯೂ ನೆರವಿಗೆ ಬರುತ್ತವೆ.

'ಸಾಲ್ಟಿ' ಎಂಬುದರ ವಾಚ್ಯಾರ್ಥ ಉಪ್ಪಾದದ್ದು. ಆಟದಲ್ಲಿ ಸೋತು ಮುಖ ಊದಿಸಿಕೊಂಡವನನ್ನು ಗೆಳೆಯರು ಹಾಗೆಂದಾಗ, ಸಣ್ಣ ಸೋಲಿಗೆ ಮುನಿದವನು ಎಂಬುದು ಲಕ್ಷ್ಯಾರ್ಥ. ಇದನ್ನು 'ಹೊಟ್ಟೆಕಿಚ್ಚು' ಎಂದು ಅನುವಾದಿಸಿದರೆ ತಪ್ಪಾಗುತ್ತದೆ. ಹೊಟ್ಟೆಕಿಚ್ಚಿಗೆ ಪರರ ಏಳಿಗೆ ಕಾರಣ. ಇಲ್ಲಿ ತನ್ನ ಸೋಲೇ ಕಾರಣ. 'ಐ ಆಮ್ ಡೆಡ್' ಎಂಬ ಸಂದೇಶ ಬಂದರೆ ಗಾಬರಿಯಾಗಬೇಕಿಲ್ಲ. ನಾವು 'ನಕ್ಕು ನಕ್ಕು ಸತ್ತೆ' ಎನ್ನುವುದಿಲ್ಲವೇ? ಇಂಗ್ಲಿಷಿನ ಮಾತು ನಗುವನ್ನು ಬಿಟ್ಟು ಸಾವನ್ನಷ್ಟೇ ಉಳಿಸಿಕೊಂಡಿದೆ.

ಪದದ ಹುಟ್ಟನ್ನೂ ಅರಿಯಬೇಕು. ಪ್ಯಾಟ್ರಿಕ್ ಹ್ಯಾಮಿಲ್ಟನ್ ಬರೆದು 1938ರಲ್ಲಿ ರಂಗಕ್ಕೆ ಬಂದ 'ಗ್ಯಾಸ್ ಲೈಟ್' ನಾಟಕದಲ್ಲಿ ಗಂಡನು, ಹೆಂಡತಿಗೆ ತನ್ನ ಬುದ್ಧಿಯ ಮೇಲೆಯೇ ಅನುಮಾನ ಹುಟ್ಟುವಂತೆ ಮಾಡುತ್ತಾನೆ. ಆ ಹೆಸರಿನಿಂದ ಬಂದ 'ಗ್ಯಾಸ್‌ಲೈಟಿಂಗ್' ಅಂಥ ಮಾನಸಿಕ ಹಿಂಸೆಯನ್ನು ಸೂಚಿಸುತ್ತದೆ. ಈಗ ಸಣ್ಣ ಸುಳ್ಳಿಗೂ ಅದನ್ನು ಬಳಸುವುದುಂಟು. ಭಾಷಾವಿಜ್ಞಾನದಲ್ಲಿ ಇದನ್ನು ಅರ್ಥವಿಸ್ತಾರ ಎನ್ನುತ್ತೇವೆ.

ಅರ್ಥವಿಸ್ತಾರದಲ್ಲಿ ಅಪಾಯವೂ ಇದೆ. ಅಂಕ ಕಡಿಮೆ ಬಂದರೂ 'ಡಿಪ್ರೆಸ್ಡ್' ಎನ್ನುವ ರೂಢಿ ಬಂದಿದೆ. ಆದರೆ ಆ ಪದದ ಹಿಂದೆ ಚಿಕಿತ್ಸೆ ಬೇಡುವ ಕಾಯಿಲೆಯೂ ಇರಬಹುದು. ಗೆಳತಿಯೊಬ್ಬಳು ಹಾಗೆಂದಾಗ ಅದು ಬೇಸರವೋ ಬೇನೆಯೋ ಎಂಬುದನ್ನು ನಿಘಂಟು ಹೇಳಲಾರದು. ಯಾರು, ಯಾರಿಗೆ, ಯಾವ ಸಂದರ್ಭದಲ್ಲಿ, ಎಷ್ಟು ಸಲ ಹೇಳಿದರು ಎಂಬುದನ್ನು ಗಮನಿಸಿದರೆ ವ್ಯಂಗ್ಯಾರ್ಥದ ಸುಳಿವು ಸಿಗುತ್ತದೆ. ಆಗಲೂ ಸಂದೇಹ ಉಳಿದರೆ 'ಏನಾಯಿತು?' ಎಂದು ಅವಳ ಮನೆಮಾತಿನಲ್ಲಿಯೇ ಕೇಳಿರಿ. ಅರ್ಥವಾಗದೆ ಕೇಳುವುದು ನಾಚಿಕೆಯಲ್ಲ. ಅರ್ಥವಾಯಿತೆಂದು ನಕ್ಕು ಸುಮ್ಮನಾಗುವುದು ಕೆಲವೊಮ್ಮೆ ದುಬಾರಿಯಾಗುತ್ತದೆ.

ಅಭ್ಯಾಸ: ನೀವು ಕೇಳಿರುವ ಇಂಥ ಐದು ಪದಗಳ ವಾಚ್ಯಾರ್ಥ, ಲಕ್ಷ್ಯಾರ್ಥ ಹಾಗೂ ಆಡುವ ಸಂದರ್ಭವನ್ನು ಬರೆಯಿರಿ. ಪ್ರತಿಯೊಂದಕ್ಕೂ ಹತ್ತಿರವಾದ ನಿಮ್ಮ ಊರ ಮಾತನ್ನು ಹುಡುಕಿರಿ; ಸಿಗದಿದ್ದರೆ ಏಕೆ ಸಿಗಲಿಲ್ಲವೆಂದು ವಿವರಿಸಿರಿ.